ಡಿಮೆನ್ಷಿಯಾ (ಮರೆವಿನ ಕಾಯಿಲೆ) ಮಾತ್ರೆಗಳು: ಮನೆಯಲ್ಲಿ ನೋಡಿಕೊಳ್ಳುವವರಿಗೆ

ಮೊದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಟೇಬಲ್ ಮೇಲೆ ಸುರಿಯಿರಿ. ಬಿಪಿ, ಶುಗರ್, ನಿದ್ದೆ, ನೆಗಡಿ, ಆಯುರ್ವೇದದ್ದು, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ತಂದದ್ದು, ಎಲ್ಲ. ಪ್ರತಿಯೊಂದರ ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತು, ಯಾವ ಡಾಕ್ಟರು ಬರೆದದ್ದು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಬೆಂಗಳೂರಿನಲ್ಲಿ ಹೃದಯಕ್ಕೆ ಜಯನಗರದಲ್ಲಿ ಒಬ್ಬರು, ಮೂತ್ರದ ತೊಂದರೆಗೆ ಮಲ್ಲೇಶ್ವರದಲ್ಲಿ ಇನ್ನೊಬ್ಬರು ಅಂತ ತೋರಿಸುತ್ತೇವೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದೇ ಇಲ್ಲ.

ಇದು ಯಾಕೆ ಮುಖ್ಯ ಅಂದರೆ ಕೆಲವು ಮಾತ್ರೆಗಳೇ ಮರೆವು ಜಾಸ್ತಿ ಮಾಡುತ್ತವೆ. ಪದೇ ಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ, ಇವೆಲ್ಲ ಮೆದುಳಿನಲ್ಲಿ ನೆನಪಿಗೆ ಬೇಕಾದ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮರೆವಿಗೆ ಡೊನೆಪೆಜಿಲ್ ಎಂಬ ಮಾತ್ರೆ ಕೊಡುವುದೇ ಅದನ್ನು ಹೆಚ್ಚಿಸಲು. ಎರಡನ್ನೂ ಒಟ್ಟಿಗೆ ಕೊಟ್ಟರೆ ತೂತಿನ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಮರೆವಿಗೆ ಸಾಮಾನ್ಯವಾಗಿ ಬರೆಯುವುದು ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಾಂಟಿನ್. ಇವು ಕಾಯಿಲೆಯನ್ನು ಗುಣ ಮಾಡುವುದಿಲ್ಲ. ಕೆಲವರಿಗೆ ಸ್ವಲ್ಪ ಕಾಲ ಅನುಕೂಲ, ಕೆಲವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ವಾರದಲ್ಲಿ ಫಲ ಹುಡುಕಬೇಡಿ. ಡೊನೆಪೆಜಿಲ್ ಸಾಮಾನ್ಯವಾಗಿ 5 ಮಿ.ಗ್ರಾಂನಿಂದ ಶುರು, 4ರಿಂದ 6 ವಾರದ ನಂತರ ಬೇಕಿದ್ದರೆ 10. ರಾತ್ರಿ ಕೊಟ್ಟಾಗ ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ವಾಕರಿಕೆ, ಭೇದಿ, ಊಟ ಸೇರದಿರುವುದು ಇದ್ದೇ ಇದೆ, ಹಾಗಾಗಿ ತಿಂಗಳಿಗೊಮ್ಮೆ ತೂಕ ನೋಡಿ. ನಾಡಿ ತುಂಬಾ ನಿಧಾನವಾದರೆ, ತಲೆ ತಿರುಗಿ ಬಿದ್ದರೆ ಡಾಕ್ಟರಿಗೆ ತೋರಿಸಲು ತಡಮಾಡಬೇಡಿ, ಅದರಲ್ಲೂ ಬಿಪಿಗೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ನಡೆಯುತ್ತಿದ್ದರೆ. ಮೆಮಾಂಟಿನ್ ಶುರು ಮಾಡುವ ಮುಂಚೆ ಕಿಡ್ನಿ ರಿಪೋರ್ಟ್ ತೋರಿಸಿ.

ರಿವಾಸ್ಟಿಗ್ಮಿನ್ ಪ್ಯಾಚ್ ಆದರೆ ಹಳೆಯದನ್ನು ತೆಗೆದ ಮೇಲೇ ಹೊಸದು ಅಂಟಿಸಿ. ಎರಡೂ ಮೈಮೇಲೆ ಉಳಿದರೆ ಡೋಸ್ ಜಾಸ್ತಿಯಾಗಿ ಅಪಾಯ. ಅವರ ಕೈಗೆ ಸಿಗದ ಬೆನ್ನಿನ ಮೇಲೆ, ದಿನಾ ಬೇರೆ ಜಾಗದಲ್ಲಿ. ಮೂರು ದಿನಕ್ಕಿಂತ ಹೆಚ್ಚು ತಪ್ಪಿಹೋದರೆ ನೀವೇ ಹಳೆ ಡೋಸ್ ಮುಂದುವರಿಸಬೇಡಿ, ಕಡಿಮೆಯಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಇನ್ನು ಮನೆಯವರನ್ನು ನಿಜವಾಗಿ ಹೈರಾಣ ಮಾಡುವ ವಿಷಯ. ಸೊಸೆ ಬಂಗಾರ ಕದ್ದಳು ಅನ್ನುವುದು, ರಾತ್ರಿಯಿಡೀ ಎದ್ದಿರುವುದು, ಸ್ನಾನಕ್ಕೆ ಕರೆದರೆ ಹೊಡೆಯುವುದು. ನಿದ್ದೆ ಇಲ್ಲದ ಮನೆಯವರು 'ಏನಾದರೂ ಕೊಟ್ಟು ಮಲಗಿಸಿ ಡಾಕ್ಟ್ರೇ' ಅನ್ನುವುದು ತಪ್ಪಲ್ಲ. ಆದರೆ ಅದಕ್ಕೆ ಮುಂಚೆ ಇದು ಯಾವಾಗ ಶುರುವಾಯಿತು ನೋಡಿ. ಒಂದೆರಡು ದಿನದಲ್ಲಿ ದಿಢೀರ್ ಅಂತ ಬದಲಾದರೆ ಬೇರೆ ಕಾರಣ ಇರುವ ಸಾಧ್ಯತೆ ಜಾಸ್ತಿ: ಮೂತ್ರದ ಸೋಂಕು, ಮಲಬದ್ಧತೆ, ಹಲ್ಲು ನೋವು, ನೀರು ಕಡಿಮೆ ಕುಡಿದದ್ದು, ಸೋಡಿಯಂ ಇಳಿದದ್ದು, ಹೊಸ ಮಾತ್ರೆ. ಅಂಥವರನ್ನು ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಇಂಥ ಸಿಟ್ಟು, ಭ್ರಮೆಗೆ ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್, ಒಲಾನ್ಜಪಿನ್ ಥರದ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಸ್ಟ್ರೋಕ್ ಭಯವೂ ಇದೆ. ಹಾಗಂತ ಕೊಡಲೇಬಾರದು ಅಂತಲ್ಲ. ಅವರಿಗೋ ಬೇರೆಯವರಿಗೋ ಪೆಟ್ಟಾಗುವ ಹಾಗಿದ್ದರೆ, ಅವರೇ ಭಯದಿಂದ ಒದ್ದಾಡುತ್ತಿದ್ದರೆ, ಕಡಿಮೆ ಡೋಸ್, ಕಡಿಮೆ ಕಾಲ. 'ಮನೆಗೆ ಹೋಗಬೇಕು' ಅಂತ ಹತ್ತು ಸಲ ಕೇಳುವುದಕ್ಕೆ, ಸುಮ್ನೆ ಅತ್ತಿತ್ತ ಓಡಾಡುವುದಕ್ಕೆ ಇವು ಕೆಲಸ ಮಾಡುವುದಿಲ್ಲ. ಚೀಟಿ ಬರೆಯುವಾಗಲೇ ಕೇಳಿ: ಇದು ಯಾವ ತೊಂದರೆಗೆ, ಮತ್ತೆ ಯಾವಾಗ ಬಂದು ತೋರಿಸಬೇಕು, ಯಾವಾಗ ಇಳಿಸುತ್ತೀರಿ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ. ಹಾಗಂತ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೈ ಬಿಗಿತ, ಜೊಲ್ಲು, ನುಂಗಲು ಕಷ್ಟ, ಸದಾ ತೂಕಡಿಕೆ ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರು ಲೂಯಿ ಬಾಡಿ ಡಿಮೆನ್ಷಿಯಾ (ಡಿಮೆನ್ಷಿಯಾದ ಒಂದು ಬಗೆ) ಅಂತ ಹೇಳಿದ್ದರೆ ಹಾಳೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆಯಿರಿ, ಅವರಿಗೆ ಇದೇ ಗುಂಪಿನ ಹ್ಯಾಲೊಪೆರಿಡಾಲ್ ಪ್ರಾಣಕ್ಕೇ ಕುತ್ತಾಗಬಹುದು. ನಿದ್ದೆಗೆ, ಆತಂಕಕ್ಕೆ ಬರೆಯುವ ಅಲ್ಪ್ರಾಜೊಲಾಮ್, ಕ್ಲೊನಾಜೆಪಾಮ್ ಕೊಟ್ಟರೆ ಗಲಿಬಿಲಿ ಜಾಸ್ತಿ, ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬೀಳುವುದೂ ಜಾಸ್ತಿ.

ಮಾತ್ರೆ ಕೊಡುವ ಜವಾಬ್ದಾರಿ ಒಬ್ಬರಿಗೇ ಇರಲಿ, ಡಬ್ಬಿಗೆ ಬೀಗ ಇರಲಿ. ರಾತ್ರಿ ಅಟೆಂಡರ್ ಇದ್ದರೆ, ಹೆಚ್ಚುವರಿ ಮಾತ್ರೆ ಕೊಡಬಾರದು ಅಂತ ಸ್ಪಷ್ಟವಾಗಿ ಹೇಳಿ. ಪುಡಿ ಮಾಡಿ ಕೊಡುವ ಮುಂಚೆ ಕೇಳಿ, ಎಸ್‌ಆರ್ ಅಂತ ಬರೆದಿರುವುದನ್ನು, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಯನ್ನು, ಪುಡಿ ಮಾಡುವ ಹಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವಾಗ ಆ ಹಾಳೆ ಮತ್ತು ಹಳೆ ಚೀಟಿಗಳೆಲ್ಲ ಕೈಯಲ್ಲಿರಲಿ. ನಿಮಗೇ ತಡೆಯಲಾಗದಷ್ಟು ಸಾಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.