ಕಪಾಟಿನ ಟ್ರೋಫಿ ಕಪ್ಪು ನೋಡಿ ಕಾಲೇಜು ಆರಿಸಬ್ಯಾಡ್ರಿ: ಓಡೋ ಹುಡುಗಿಯಾಗಿ ನಾ ಡಿಗ್ರಿ ಕಾಲೇಜು ಹುಡುಕಿದ್ದು

ಸೆಕೆಂಡ್ ಪಿಯುಸಿ ರಿಸಲ್ಟ್ ಬಂತಂದ್ರ ಸಾಕು, ನಮ್ಮ ಕಡೆ ಓಡೋ ಹುಡುಗ್ಯಾರ ಫೋನು ಚಾಲೂ ಆಗತಾವ. ಅಕ್ಕಾ ಯಾವ ಕಾಲೇಜು ಚಲೋ, ಸ್ಪೋರ್ಟ್ಸ್ ಕೋಟಾ ಎಲ್ಲಿ ಸಿಗತೈತಿ, ಹಾಸ್ಟೆಲ್ ಫ್ರೀ ಐತೇನು ಅಂತ. ಒಬ್ಬೊಬ್ಬರಿಗೆ ಹೇಳೋದ್ರ ಬದ್ಲಿ ಒಮ್ಮೆ ಎಲ್ಲಾ ಬರದ ಬಿಡ್ತೀನಿ. ನಾನು ಗದಗ ಜಿಲ್ಲಾ ಮುಂಡರಗಿ ಕಡೆಯಾಕಿ, 1500 ಮತ್ತ 5000 ಮೀಟರ್ ಓಡ್ತಿದ್ದೆ, ಡಿಗ್ರಿ ಧಾರವಾಡದಾಗ ಮುಗಿಸಿ ಈಗ ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಮಾಡಾಕತ್ತೀನಿ.

ಮೊದ್ಲ ಕಪ್ಪಿನ ವಿಷಯ ಹೇಳ್ತೀನಿ. ಯಾವ ಕಾಲೇಜಿಗೆ ಹೋದ್ರೂ ಪ್ರಿನ್ಸಿಪಾಲರ ಚೇಂಬರಿನ ಬಾಜೂಕ ಗಾಜಿನ ಕಪಾಟ ಇರತೈತಿ, ಅದರ ತುಂಬ ಕಪ್ಪು, ಶೀಲ್ಡು, ಬ್ಲೇಜರ್ ಹಾಕ್ಕೊಂಡ ಹುಡುಗರ ಫೋಟೋ. ನೋಡಿದ ಕೂಡ್ಲೆ ಅಪ್ಪ ಅವ್ವ ಖುಷಿ ಆಗಿ ಅಡ್ಮಿಷನ್ ಫಾರ್ಮ್ ಕೇಳಾಕ ಹೊಂಟ ಬಿಡ್ತಾರ. ಆದ್ರ ಅಲ್ಲಿ ಕೇಳಬೇಕಾದ್ದು ಒಂದೇ, ಈ ಹುಡುಗರನ್ನ ತಯಾರ ಮಾಡಿದವರು ಯಾರು? ಧಾರವಾಡದಾಗ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಟ್ರೈನಿಂಗ್ ಸೆಂಟರ್ ಐತಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸ್ಪೋರ್ಟ್ಸ್ ಹಾಸ್ಟೆಲ್ ಜಿಲ್ಲೆ ಜಿಲ್ಲೆಗೆ ಅದಾವ. ಅಲ್ಲಿ ಇರೋ ಹುಡುಗರು ಓದಾಕಂತ ಯಾವುದರ ಒಂದು ಕಾಲೇಜಿನ್ಯಾಗ ಹೆಸರ ಹಚ್ಚತಾರ, ಇಂಟರ್ ಕಾಲೇಜ್ ಮೀಟಿನ್ಯಾಗ ಆ ಕಾಲೇಜಿನ ಬನಿಯನ್ ಹಾಕ್ಕೊಂಡ ಓಡ್ತಾರ, ಮೆಡಲ್ ಕಾಲೇಜಿನ ಕಪಾಟಿಗೆ ಬರತೈತಿ. ಇದು ತಪ್ಪಂತ ನಾ ಹೇಳಾಕತ್ತಿಲ್ಲ, ಹುಡುಗರಿಗೆ ಓದಾಕ ಜಾಗ ಬೇಕು, ಕಾಲೇಜಿಗೆ ಹೆಸರು ಬೇಕು. ಆದ್ರ ನೀವು ಸಾಯ್‌ಗೆ ಸಿಲೆಕ್ಟ್ ಆಗದ ಬರೇ ಆ ಕಾಲೇಜಿಗೆ ಸೇರಿದ್ರ ಆ ಕೋಚ್ ನಿಮ್ಮ ಕೋಚ್ ಅಲ್ಲ, ಇದು ಸೇರಿದ ಮ್ಯಾಲೆ ಗೊತ್ತಾಗಿ ಏನು ಉಪಯೋಗ?

ಹಂಗಾಗಿ ನಾ ಕಪಾಟ ಬಿಟ್ಟು ರಿಸಲ್ಟ್ ಶೀಟ್ ಹಿಡದೆ. ನಮ್ಮ ಪಿಯು ಕಾಲೇಜಿನ ಪಿ.ಡಿ. (ಆಟ ಕಲಸೋ ಫಿಸಿಕಲ್ ಡೈರೆಕ್ಟರ್) ಸರ್ ಹತ್ರ ಇಂಟರ್ ಕಾಲೇಜ್ ಅಥ್ಲೆಟಿಕ್ ಮೀಟಿನ ಹಳೇ ಶೀಟ್ ಇದ್ವು, ಉಳಿದವು ವಾಟ್ಸಾಪಿನ್ಯಾಗ ಸಿಕ್ವು. ಹಿಂದಿನ ಮೂರು ವರ್ಷದ್ದು ಮುಂದ ಇಟ್ಕೊಂಡು, ಫಸ್ಟ್ ಇಯರಿನ್ಯಾಗ ಓಡಿದ ಹುಡುಗ್ಯಾರ ಹೆಸರ ಬರ್ಕೊಂಡು, ಮುಂದಿನ ವರ್ಷ ಅವರು ಎಲ್ಲಿ ಅದಾರ, ಟೈಮಿಂಗ್ ಎಷ್ಟು, ಫೈನಲ್ ಇಯರಿನ್ಯಾಗ ಹೆಸರ ಐತೋ ಇಲ್ಲೋ ಅಂತ ಹುಡುಕಿದೆ. ಭಾಳ ಹೆಸರಿದ್ದ ಒಂದು ಕಾಲೇಜಿನ ಹುಡುಗಿ 1500 ರಾಗ ಮೊದಲನೇ ವರ್ಷ 5 ನಿಮಿಷ 12 ಸೆಕೆಂಡ್, ಮುಂದಿನ ವರ್ಷ 5:20, ಆಮ್ಯಾಲೆ ಹೆಸರ ಇಲ್ಲ. ಆಕಿ ಜೋಡಿ ಸೇರಿದವರದ್ದೂ ಯಾರದ್ದೂ ಇಲ್ಲ. ಇನ್ನೊಂದು ಕಾಲೇಜು, ಕಪಾಟ ಬಿಡ್ರಿ, ಗೋಡಿ ಮ್ಯಾಲೆ ಒಂದು ಫೋಟೋನೂ ಇಲ್ಲ, ಆದ್ರ ಅಲ್ಲಿನ ಹುಡುಗಿ 5:30 ರಿಂದ 5:08 ಕ್ಕ ಬಂದು ಕಡೀ ವರ್ಷ 5 ನಿಮಿಷದ ಒಳಗ ಓಡ್ಯಾಳ, ಮೆಡಲ್ ಬಂದಿಲ್ಲ, ನಾಲ್ಕನೇ ಪ್ಲೇಸು. ನನಗ ಬೇಕಾಗಿದ್ದು ಈ ಎರಡನೇ ಕಾಲೇಜು. ಸೇರಿದ ಹುಡುಗ್ಯಾರು ಮೂರನೇ ವರ್ಷಕ್ಕೂ ಓಡಾಕತ್ತಾರ ಅಂದ್ರ ಅಲ್ಲಿ ಯಾರೋ ನೋಡ್ಕೊಳ್ಳೋರು ಅದಾರ ಅಂತ ಅರ್ಥ.

ಒಂದು ಮಾತು, ಮಣ್ಣಿನ ಟ್ರ್ಯಾಕಿನ ಟೈಮು ಸಿಂಥೆಟಿಕ್ ಟ್ರ್ಯಾಕಿನ ಟೈಮಿಗೆ ಹಚ್ಚಿ ನೋಡಬ್ಯಾಡ್ರಿ. 100, 200 ಓಡೋರು ಹ್ಯಾಂಡ್ ಟೈಮಿಂಗ್ (ಮಷಿನ್ ಇಲ್ಲದ ಕೈಯಾಗಿನ ಸ್ಟಾಪ್‌ವಾಚಿನ ಟೈಮು) ಇದ್ರ 0.24 ಸೆಕೆಂಡ್ ಕೂಡಿಸಿ ನೋಡ್ರಿ, ಇಲ್ಲಂದ್ರ ಸುಮ್ನ ಖುಷಿ ಪಡೋದಾಗತೈತಿ.

ಆಮ್ಯಾಲೆ ಗ್ರೌಂಡಿಗೆ ಹೋಗೋದು. ಹೇಳಿ ಹೋಗಬಾರದು, ಸ್ಪೋರ್ಟ್ಸ್ ಡೇ ದಿನ ಅಂತೂ ಹೋಗಲೇಬಾರದು, ಬರೇ ಮಂಗಳವಾರನೋ ಬುಧವಾರನೋ ಮುಂಜಾನೆ ಹೋಗಬೇಕು. ಶಕ್ತಿ ಯೋಜನೆ ಇರೋದ್ರಿಂದ ಹುಡುಗ್ಯಾರಿಗೆ ಬಸ್ಸಿನ ಖರ್ಚೂ ಇಲ್ಲ. ನಾ ಧಾರವಾಡದಾಗ ದೊಡ್ಡಮ್ಮನ ಮನ್ಯಾಗ ಉಳಕೊಂಡು, ನಸುಕಿನ್ಯಾಗ ಎದ್ದು, ಒಂದೊಂದ ದಿನ ಒಂದೊಂದ ಕಡೆ ಹೋಗಿ ಕಟ್ಟಿ ಮ್ಯಾಲೆ ಕುಂತು ನೋಡಿದೆ. ಆರ್.ಎನ್. ಶೆಟ್ಟಿ ಸ್ಟೇಡಿಯಂನಾಗ ಸಿಂಥೆಟಿಕ್ ಟ್ರ್ಯಾಕ್ ಐತಿ ಅಂತ ಎಲ್ಲಾ ಕಾಲೇಜಿನವರೂ ತಮ್ಮದೇ ಅನ್ನೋ ಹಂಗ ಹೇಳ್ತಾರ, ಕೇಳಬೇಕಾದ್ದು ವಾರದಾಗ ಎಷ್ಟು ದಿನ ನಮ್ಮನ್ನ ಅಲ್ಲಿಗೆ ಕರ್ಕೊಂಡ ಹೋಗ್ತೀರಿ, ಯಾವ ಟೈಮಿಗೆ ಅಂತ. ಲಾಂಗ್ ಡಿಸ್ಟನ್ಸ್ ಓಡೋರಿಗೆ ದಿನಾ ಸಿಂಥೆಟಿಕ್ ಬ್ಯಾಡಾನೂ ಬ್ಯಾಡ, ಮೊಣಕಾಲ ಕೆಳಗ ಮುಂದಿನ ಎಲಬು ನೋವು ಹಿಡಿತೈತಿ. ನನ್ನ ಲೆಕ್ಕದಾಗ ಕರ್ನಾಟಕ ಕಾಲೇಜಿನ ಗ್ರೌಂಡು, ಕೆಲಗೇರಿ ಕೆರಿ ಕಡೆ ರಸ್ತೆ, ವಿವಿ ಕ್ಯಾಂಪಸಿನ ಏರು ಇಳಿವು ಇವೇ ಧಾರವಾಡದ ನಿಜವಾದ ಆಸ್ತಿ, ಮ್ಯಾಲೆ ಹವಾನೂ ತಂಪು. ಜೂನಿಂದ ಸೆಪ್ಟೆಂಬರ್ ತನಕ ಮಳಿ ಹಿಡೀತು ಅಂದ್ರ ಮಾತ್ರ ಗ್ರೌಂಡು ರಾಡಿ, ಆವಾಗ ಎಲ್ಲಿ ಪ್ರಾಕ್ಟೀಸ್ ಮಾಡಸ್ತೀರಿ ಅನ್ನೋದೂ ಕೇಳೋ ಪ್ರಶ್ನೆನ ಐತಿ.

ಒಂದು ಕಡೆ ಏನ ನೋಡಿದೆ ಅಂದ್ರ, ಹುಡುಗ್ಯಾರು ತಾವ ವಾರ್ಮ್ ಅಪ್ ಮಾಡಿ ತಾವ ಓಡಿ ಕುಂತಿದ್ರು, ಏಳರ ಸುಮಾರಿಗೆ ಒಬ್ಬರು ಬೈಕ್ ಮ್ಯಾಲೆ ಬಂದು ಎಲ್ಲಾರನ್ನೂ ನಿಂದ್ರಿಸಿ ಫೋಟೋ ಹೊಡಕೊಂಡು ಹೋದ್ರು, ಅಟೆಂಡೆನ್ಸ್ ಗ್ರೂಪಿಗೆ ಅಂತ. ಇನ್ನೊಂದು ಕಡೆ ಜಿಟಿಜಿಟಿ ಮಳಿ, ಸರ್ ಕೈಯಾಗ ಎರಡು ಗೆರಿ ಕಾಪಿ ಬುಕ್ಕು, ಅದನ್ನ ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ ಪೆನ್ಸಿಲ್‌ನಿಂದ ಬರ್ಯಾಕತ್ತಿದ್ರು, ನೀರು ಬಿದ್ರ ಪೆನ್ನಿನ ಮಸಿ ಹರಿತೈತಿ ಅಂತ. ಒಂದೊಂದು 400 ಕ್ಕೂ ಹುಡುಗಿ ಹೆಸರಿನ ಮುಂದ ಟೈಮು, ಅದರ ಬಾಜೂಕ ಹ್ವಾದ ವಾರದ ಟೈಮು. ಒಬ್ಬಾಕಿ ಐದನೇ ರೌಂಡಿಗೆ ಹೊಂಟಾಗ ಆಕಿ ಕಾಲ ಇಡೋದು ನೋಡೇ "ಸಾಕವಾ, ನೀ ಇವತ್ತ ಹುಲ್ಲಿನ ಮ್ಯಾಲೆ ಡ್ರಿಲ್ ಅಷ್ಟ ಮಾಡು" ಅಂದ್ರು. ಆಕಿ ಇಲ್ರಿ ಸರ್ ಓಡ್ತೀನ್ರಿ ಅಂದ್ರೂ ಬಿಡಲಿಲ್ಲ. ನನಗ ಅಲ್ಲೇ ಅರ್ಧ ತೀರ್ಮಾನ ಆಗಿತ್ತು. ಮುಂದ ಹೋಗಿ ನಮಸ್ಕಾರ್ರಿ ಸರ್ ಅಂದಾಗ ಅವರು ನನ್ನ ಟೈಮಿಂಗ್ ಕೇಳಲಿಲ್ಲ, ವಾರಕ್ಕ ಎಷ್ಟು ಕಿಲೋಮೀಟರ್ ಓಡ್ತಿ, ಮುಂಜಾನೆ ಏನ ತಿಂತಿ ಅಂತ ಕೇಳಿದ್ರು.

ಇನ್ನ ಪಿ.ಡಿ. ಸರ್‌ಗಳ ಪರಿಸ್ಥಿತಿನೂ ತಿಳ್ಕೋಬೇಕು. ಭಾಳ ಕಾಲೇಜಿನ್ಯಾಗ ಒಬ್ಬರೇ ಪಿ.ಡಿ., ಕಬಡ್ಡಿ, ಖೋ ಖೋ, ವಾಲಿಬಾಲ್, ಚೆಸ್ಸು ಎಲ್ಲಾ ಅವರೇ, ಮ್ಯಾಲೆ ಆಗಸ್ಟ್ 15 ರ ಪರೇಡು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಕಮಿಟಿ ಫೈಲು. ಅವರ ಸ್ವಂತ ಆಟ ಯಾವುದು ಅಂತ ಕೇಳ್ರಿ. ಕಬಡ್ಡಿ ಆಡಿದವರಾದ್ರ ಓಡೋರಿಗೆ ಹತ್ತು ರೌಂಡ್ ಹೊಡೀ ಅಂತಾರ, ಅವರ ತಪ್ಪೂ ಅಲ್ಲ. ಅಂತಲ್ಲಿ ಹೊರಗಿನ ಕೋಚ್ ಹತ್ರ ಹೋಗಾಕ ಬಿಡ್ತೀರೇನು ಅಂತ ಕೇಳ್ಕೊಂಡ್ರ ಅದೂ ಚಲೋ.

ಹುಡುಗ್ಯಾರಿಗೆ ಇನ್ನೊಂದು ದೊಡ್ಡ ವಿಷಯ ಹಾಸ್ಟೆಲ್ ಗೇಟು. ಪ್ರಾಕ್ಟೀಸ್ ಐದೂವರಿಗೆ, ಲೇಡೀಸ್ ಹಾಸ್ಟೆಲ್ ಗೇಟ್ ತೆಗೆಯೋದು ಆರೂವರಿಗೆ ಅಂದ್ರ ಸಿಂಥೆಟಿಕ್ ಟ್ರ್ಯಾಕ್ ಇದ್ದು ಏನ ಮಾಡ್ತೀರಿ? ಸಂಜಿಗೂ ಹಂಗ, ಆರಕ್ಕ ಒಳಗ ಇರಬೇಕು ಅಂತಾರ. ವಾರ್ಡನ್ ಮೇಡಂರನ್ನ ನೇರವಾಗಿ ಭೇಟಿ ಆಗಿ ಸ್ಪೋರ್ಟ್ಸ್ ಹುಡುಗ್ಯಾರಿಗೆ ಪರ್ಮಿಷನ್ ಬರವಣಿಗಿಯೊಳಗ ಕೊಡ್ತೀರೇನು ಅಂತ ಕೇಳ್ರಿ, ಪ್ರಿನ್ಸಿಪಾಲ್ ಹೂಂ ಅಂದ್ರ ಸಾಲೋದಿಲ್ಲ, ಬೀಗದ ಕೈ ವಾಚ್‌ಮನ್ ಹತ್ರ ಇರತೈತಿ. ಮೆಸ್ಸಿನ್ಯಾಗ ಪ್ರಾಕ್ಟೀಸ್ ಮುಗಿಸಿ ಬರೋದ್ರಾಗ ನಾಷ್ಟಾ ಉಳದಿರತೈತೋ ಇಲ್ಲೋ ಅನ್ನೋದು ಸೀನಿಯರ್ ಹುಡುಗ್ಯಾರು ಹೇಳ್ತಾರ, ಬ್ಯಾರೆ ಯಾರೂ ಹೇಳೋದಿಲ್ಲ. ತತ್ತಿ, ಹೆಸರಕಾಳು, ಶೇಂಗಾ, ಸೊಪ್ಪಿನ ಪಲ್ಯಾ ವಾರದಾಗ ಎಷ್ಟು ಸಲ ಅಂತ ಕೇಳ್ರಿ. ಲಾಂಗ್ ಡಿಸ್ಟನ್ಸ್ ಓಡೋ ಹುಡುಗ್ಯಾರಿಗೆ ರಕ್ತ ಕಡಿಮಿ ಆಗೋದು ಭಾಳ, ಹಿಮೋಗ್ಲೋಬಿನ್ 12 ರ ಕೆಳಗ ಹೋತಂದ್ರ ಎಂಥಾ ಕೋಚ್ ಇದ್ರೂ ಟೈಮಿಂಗ್ ಬರೋದಿಲ್ಲ. ಸೇರೋಕಿಂತ ಮೊದ್ಲ ತಾಲೂಕಾ ಆಸ್ಪತ್ರ್ಯಾಗ ಚೆಕ್ ಮಾಡಿಸ್ಕೊಳ್ರಿ. ಮುಟ್ಟಿನ ವಿಷಯ ಮಾತಾಡಾಕ ಒಬ್ಬರರ ಮೇಡಂ ಟೀಮ್ ಜೋಡಿ ಇರತಾರೋ ಇಲ್ಲೋ ಅದನ್ನೂ ನೋಡ್ರಿ, ನಾಚಿಗಿ ಬ್ಯಾಡ. ಯಾರರ ಸೀನಿಯರ್ ಪೌಡರ್, ಗುಳಿಗಿ ಕೊಟ್ರ ತಗೋಬ್ಯಾಡ್ರಿ, ಡೋಪಿಂಗ್ ಟೆಸ್ಟಿನ್ಯಾಗ ಸಿಕ್ರ ಗೊತ್ತಿರಲಿಲ್ಲ ಅಂದ್ರ ನಡಿಯೋದಿಲ್ಲ. ಡೋಪಿಂಗ್ ತಡಿಯೋ ಸಂಸ್ಥೆ ನಾಡಾ (NADA) ದವರದ್ದು ನೋ ಯುವರ್ ಮೆಡಿಸಿನ್ ಅಂತ ಆ್ಯಪ್ ಐತಿ, ಔಷಧದ ಹೆಸರ ಹಾಕಿ ನೋಡಬಹುದು.

ರೊಕ್ಕದ ಮಾತು ನಮ್ಮ ಅಪ್ಪ ಆಡಿದ. ಒಂದು ಆಫೀಸಿನ್ಯಾಗ ಫುಲ್ ಫ್ರೀ ಸೀಟು, ಹಾಸ್ಟೆಲ್ ಫ್ರೀ, ಶೂ ಕೊಡ್ತೀವಿ ಅಂತ ಹೇಳಾಕತ್ತಿದ್ರು, ಅಪ್ಪ ಎಲ್ಲಾ ಕೇಳಿ "ಸರ, ಹುಡುಗಿ ಕಾಲಿಗೆ ಪೆಟ್ಟ ಆತು ಅಂತ ತಿಳ್ಕೋರಿ, ಆವಾಗ ಫೀ ಯಾರ ಕಟ್ಟಬೇಕ್ರಿ?" ಅಂದ. ಅವರು ಅದೆಲ್ಲಾ ಆಮ್ಯಾಲೆ ನೋಡೋಣ್ರಿ ಅಂದ್ರು, ನಾವು ಚಹಾ ಕುಡದು ಎದ್ದು ಬಂದ್ವಿ. ಫ್ರೀ ಅನ್ನೋದು ಮೂರು ವರ್ಷಕ್ಕೋ ಒಂದ ವರ್ಷಕ್ಕೋ, ಮೆಡಲ್ ಬರದಿದ್ರ ಏನು, ಪೆಟ್ಟಾದ್ರ ಏನು, ನಡಕ ಬಿಟ್ಟು ಹೋದ್ರ ಎಷ್ಟು ಕಟ್ಟಬೇಕು, ಇಷ್ಟು ಹಾಳಿ ಮ್ಯಾಲೆ ಬರಸ್ಕೊಳ್ರಿ. ಅಮೆರಿಕಾದಾಗೂ ಎನ್‌ಸಿಎಎ (ಅಲ್ಲಿನ ಕಾಲೇಜು ಆಟದ ಸಂಸ್ಥೆ) ಸ್ಕಾಲರ್‌ಶಿಪ್ ಸಿಕ್ಕ ಹುಡುಗರು ವರ್ಷ ವರ್ಷ ರಿನೀವಲ್ ಆಗತೈತೋ ಪೂರಾ ಕೋರ್ಸಿಗೋ ಅಂತಾನ ಮೊದ್ಲ ಕೇಳ್ತಾರ, ಅಲ್ಲಿ ಡಿವಿಷನ್ 3 ಕಾಲೇಜಿನ್ಯಾಗ ಆಟದ ಸ್ಕಾಲರ್‌ಶಿಪ್ಪೇ ಇಲ್ಲ. ಮತ್ತ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನ್ಯಾಗ ಬಿಟ್ಟು ಬರಬ್ಯಾಡ್ರಿ, ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿನೇ ಹೇಳೈತಿ.

ನಾ ಭಾಳ ತಲಿ ಕೆಡಿಸ್ಕೊಂಡಿದ್ದು ದೊಡ್ಡ ಟೀಮೋ ಸಣ್ಣ ಟೀಮೋ ಅನ್ನೋದಕ್ಕ. ಅಥ್ಲೆಟಿಕ್ಸ್ ಅಂದ್ರ ಕರ್ನಾಟಕದಾಗ ಎಲ್ಲಾರೂ ಮೂಡುಬಿದಿರೆ ಆಳ್ವಾಸ್ ಹೆಸರ ಹೇಳ್ತಾರ, ಅದರಾಗ ಸುಳ್ಳಿಲ್ಲ, 2020 ರ ಜನವರಿಯೊಳಗ 80ನೇ ಆಲ್ ಇಂಡಿಯಾ ಇಂಟರ್ ಯೂನಿವರ್ಸಿಟಿ ಅಥ್ಲೆಟಿಕ್ಸ್ ಅಲ್ಲೇ ಆಗಿ ಆಳ್ವಾಸ್ ಸೇರಿದ ಮಂಗಳೂರು ವಿವಿನೇ ಚಾಂಪಿಯನ್ ಆತು. ಬೆಂಗಳೂರಿನ ಜೈನ್ ಯೂನಿವರ್ಸಿಟಿನೂ ಹಂಗ, 2022 ರಾಗ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ತಾವೇ ನಡಿಸಿ ಮೆಡಲ್ ಪಟ್ಟಿಯೊಳಗ ತಾವೇ ಮ್ಯಾಲೆ ಬಂದ್ರು. ಆದ್ರ ಒಂದು ವಿವಿಯಿಂದ ಒಂದು ಇವೆಂಟಿಗೆ ಹೋಗೋ ಸೀಟು ಬೆರಳಿನ್ಯಾಗ ಎಣಿಸೋವಷ್ಟು. ನಾ 5 ನಿಮಿಷದ ಆಸುಪಾಸು ಓಡೋ ಹುಡುಗಿ, ಅಲ್ಲಿ ನನ್ನ ಮುಂದ ಸಾಲಾಗಿ ಮಂದಿ ಇರ್ತಾರ, ಮೂರು ವರ್ಷ ಅವರ ಜೋಡಿ ಓಡಿ ಟೈಮಿಂಗ್ ಸುಧಾರಿಸಬಹುದು, ವಿವಿ ಬನಿಯನ್ ಮಾತ್ರ ಸಿಗದ ಇರಬಹುದು. ನಾಳೆ ನೀವು ನ್ಯಾಷನಲ್ ಲೆವೆಲ್ ಮೆಡಲ್ ತಗೊಳ್ಳೋರಿದ್ರ ಎರಡು ಮಾತಿಲ್ಲದ ಅಲ್ಲಿಗೆ ಹೋಗ್ರಿ ಅಂತೀನಿ. ನಡುಗಟ್ಟಿನವರು ನಮ್ಮಂಥವರು ಲೆಕ್ಕಾ ಹಾಕಬೇಕು. ಹಾವೇರಿ ಕಡೆಯವರಿಗೆ ಬ್ಯಾರೆ ವಿವಿ ಆಗೇತಿ, ಹೊಸ ವಿವಿ ಅಂದ್ರ ಟೀಮಿನ್ಯಾಗ ಜಾಗ ಸಿಗೋದು ಹಗುರ, ಆದ್ರ ಮೀಟಿಗಿಂತ ಮೊದ್ಲ ಕೋಚಿಂಗ್ ಕ್ಯಾಂಪ್ ಹಾಕ್ತಾರೇನು, ಟ್ರೇನ್ ಟಿಕೆಟ್ ಟಿಎ ಡಿಎ ಕೊಡ್ತಾರೇನು ಅಂತ ಹಿಂದಿನ ವರ್ಷ ಹೋಗಿ ಬಂದವರನ್ನ ಕೇಳ್ರಿ.

ವಿವಿ ಬನಿಯನ್ ಬೇಕೇ ಬೇಕು ಅಂತ ನಾ ಯಾಕ ಹಠ ಹಿಡದೆ ಅಂದ್ರ ನೌಕರಿ. ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಕೋಟಾದಾಗ ಇಂಟರ್ ಯೂನಿವರ್ಸಿಟಿ ಒಳಗ ತಮ್ಮ ವಿವಿ ಪರವಾಗಿ ಆಡಿದವರೂ ಅರ್ಜಿ ಹಾಕಬಹುದು, ಅದಕ್ಕ ಫಾರ್ಮ್ 3 ಅಂತ ಐತಿ, ವಿವಿಯ ಸ್ಪೋರ್ಟ್ಸ್ ಡೈರೆಕ್ಟರ್ ಸಹಿ ಮಾಡಿ ಕೊಡಬೇಕು. ಇಂಟರ್ ಕಾಲೇಜಿನ್ಯಾಗ ಎಷ್ಟ ಗೋಲ್ಡ್ ಹೊಡದ್ರೂ ಈ ಫಾರ್ಮ್ ಸಿಗೋದಿಲ್ಲ. ನೈಋತ್ಯ ರೈಲ್ವೆ ಹೆಡ್ ಆಫೀಸ್ ನಮ್ಮ ಹುಬ್ಬಳ್ಳ್ಯಾಗ ಐತಿ, ಅವರ ಸ್ಪೋರ್ಟ್ಸ್ ಕೋಟಾ ನೋಟಿಫಿಕೇಷನ್ ಓದಿ ನೋಡ್ರಿ, ಬರೇ ಭಾಗವಹಿಸಿದ್ರ ಅಲ್ಲಿ ಸಾಲೋದಿಲ್ಲ, ಪ್ಲೇಸ್ ಕೇಳ್ತಾರ. ಸೇರೋಕಿಂತ ಮೊದ್ಲ ಓದಿದ್ರ ಯಾವ ಮೀಟು ಯಾವುದಕ್ಕ ಉಪಯೋಗ ಅಂತ ತಿಳಿತೈತಿ.

ಪರೀಕ್ಷಾ ಮತ್ತ ಹಾಜರಾತಿ. ಆಲ್ ಇಂಡಿಯಾ ಮೀಟ್ ಬರೋದು ಹೆಚ್ಚಾಗಿ ಡಿಸೆಂಬರ್ ಜನವರಿ, ಸೆಮಿಸ್ಟರ್ ಪರೀಕ್ಷಾನೂ ಆವಾಗನ. ಪೇಪರ್ ತಪ್ಪಿದ್ರ ಬ್ಯಾರೆ ದಿನ ಬರಸ್ತಾರೋ ಮುಂದಿನ ಸೆಮಿಸ್ಟರಿಗೆ ದಬ್ಬತಾರೋ, 75 ಪರ್ಸೆಂಟ್ ಅಟೆಂಡೆನ್ಸಿನ್ಯಾಗ ಮೀಟಿಗೆ ಹೋದ ದಿನ ಓ.ಡಿ. (ಆನ್ ಡ್ಯೂಟಿ) ಅಂತ ಹಿಡಿತಾರೋ ಇಲ್ಲೋ, ಇದನ್ನ ಪಿ.ಡಿ. ಸರ್‌ನ ಕೇಳಬ್ಯಾಡ್ರಿ, ಅವರು ಆಗತೈತಿ ಅಂತಾರ. ಡಿಪಾರ್ಟ್‌ಮೆಂಟಿನ ಎಚ್‌ಓಡಿ ಕೇಳ್ರಿ.

ನಾ ಕಡೀಕ ಆ ಪೆನ್ಸಿಲ್ ಸರ್ ಇದ್ದ ಕಾಲೇಜಿಗೇ ಸೇರಿದೆ, ಅಲ್ಲಿ ಅರ್ಧ ಫೀ ಅಷ್ಟ ಮಾಫಿ, ಉಳದದ್ದು ಅಪ್ಪ ಕಟ್ಟಿದ. ಫೈನಲ್ ಇಯರಿನ್ಯಾಗ ಕರ್ನಾಟಕ ವಿವಿ ಟೀಮಿನ್ಯಾಗ ಆಲ್ ಇಂಡಿಯಾಕ್ಕ ಹೋದೆ, ಹೀಟ್ಸಿನ್ಯಾಗ (ಫೈನಲ್‌ಗಿಂತ ಮೊದಲಿನ ಓಟದಾಗ) ಹೊರಗ ಬಿದ್ದೆ, ಆದ್ರ ನನ್ನ ಜೀವಮಾನದ ಬೆಸ್ಟ್ ಟೈಮ್ ಅಲ್ಲೇ ಬಂತು, ಫಾರ್ಮ್ 3 ನೂ ಕೈಯಾಗ ಐತಿ.

ಟ್ರಯಲ್ಸಿಗೆ ಹೋಗೋರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮರೀಬ್ಯಾಡ್ರಿ, ಹುಟ್ಟಿದ ತಾರೀಖಿಗೆ ಅದನ್ನ ನೋಡ್ತಾರ, ಇಂಟರ್ ಯೂನಿವರ್ಸಿಟಿಗೆ 25 ವರ್ಷದ ಮಿತಿ ಐತಿ. ಪಿಯು ಸ್ಟೇಟ್ ಮೀಟಿನ ಸರ್ಟಿಫಿಕೇಟ್, ಆಧಾರ್, ಫೋಟೋ ಒಂದು ಫೈಲಿನ್ಯಾಗ ಹಾಕ್ಕೊಳ್ರಿ. ಸ್ಪೈಕ್ಸ್ (ಮೊಳೆ ಶೂ) ಜೋಡಿ ಸಾದಾ ಶೂನೂ ಇರಲಿ, ಟ್ರಯಲ್ಸ್ ಮಣ್ಣಿನ ಗ್ರೌಂಡಿನ್ಯಾಗ ಇಟ್ಟು ಬಿಟ್ಟಿರ್ತಾರ.