ಒಂದೇ ಟಿಕೆಟ್, ಎಂಟು ನಿಲುಗಡೆ: ನಾವಿಬ್ಬರೂ ಬೆಂಗಳೂರಿನಿಂದ ಬೆಂಗಳೂರಿಗೆ ಸುತ್ತಿ ಬಂದ ಬಗೆ

ಹೊರಟ ಊರಿಗೇ ಸುತ್ತಿಕೊಂಡು ಬರುವ, ರೈಲ್ವೆಯ ಸರ್ಕ್ಯುಲರ್ ಜರ್ನಿ ಟಿಕೆಟ್ ಈಗ ಯಾರೂ ಕೊಡುವುದಿಲ್ಲ, ಕೊಟ್ಟರೂ ಅದಕ್ಕೆ ಬರ್ತ್ ಸಿಗುವುದಿಲ್ಲ, ಸಿಕ್ಕರೂ ಅರವತ್ತು ದಾಟಿದ ಗಂಡ ಹೆಂಡತಿ ಅಷ್ಟು ದೂರ ತಿರುಗಲಾರರು. ಮನೆಯವರು, ಸ್ನೇಹಿತರು, ಟ್ರಾವೆಲ್ಸಿನವರು ಎಲ್ಲರೂ ಹೇಳಿದ್ದು ಇದನ್ನೇ. ಕಳೆದ ಫೆಬ್ರವರಿಯಲ್ಲಿ ನಾವಿಬ್ಬರೂ ಅದೇ ಟಿಕೆಟ್ ಹಿಡಿದು ಬೆಂಗಳೂರಿನಿಂದ ಹೊರಟೆವು. ಭೋಪಾಲ್, ಝಾನ್ಸಿ, ಆಗ್ರಾ, ದೆಹಲಿ, ವಾರಾಣಸಿ, ಹೌರಾ, ಭುವನೇಶ್ವರ, ವಿಶಾಖಪಟ್ಟಣದಲ್ಲಿ ಇಳಿದು ಹತ್ತಿ, ತಿಂಗಳಿಗೆ ಸ್ವಲ್ಪ ಕಡಿಮೆ ಅವಧಿಯಲ್ಲಿ ಬೆಂಗಳೂರಿಗೇ ಬಂದು ಮುಟ್ಟಿದೆವು. ರೈಲಿನಲ್ಲಿ ಆರು ಸಾವಿರ ಕಿಲೋಮೀಟರಿನ ಹತ್ತಿರ, ರಸ್ತೆಯಲ್ಲಿ ಸಾವಿರಕ್ಕೂ ಮಿಕ್ಕಿ.

ರಿಸರ್ವೇಶನ್ನಿನ ಸಾಮಾನ್ಯ ಪದ್ಧತಿ ನಿಮಗೆ ಗೊತ್ತಿರುವಂಥದ್ದು, ಬಿಡಿಸಿ ಹೇಳುವುದಿಲ್ಲ. ಈ ಟಿಕೆಟ್ಟಿನ ಲೆಕ್ಕ ಮಾತ್ರ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಟ್ಟು ದೂರವನ್ನು ಎರಡು ಪಾಲು ಮಾಡಿ, ಎರಡು ಉದ್ದದ ಪ್ರಯಾಣ ಎಂದು ದರ ಹಾಕುತ್ತಾರೆ. ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುವುದರಿಂದ ಲಾಭ ಅಲ್ಲಿದೆ. ಎಂಟು ಕಡೆ ಇಳಿದು ಉಳಿಯಬಹುದು. ಆನ್‌ಲೈನಿನಲ್ಲಿ ಸಿಗುವುದಿಲ್ಲ. ಮಾರ್ಗದ ಪಟ್ಟಿ ಬರೆದು ವಿಭಾಗೀಯ ವಾಣಿಜ್ಯ ಕಚೇರಿಗೆ ಕೊಡಬೇಕು, ಅವರು ದರ ಕಟ್ಟಿದ ಮೇಲೆ ಕೌಂಟರಿನಲ್ಲಿ ಟಿಕೆಟ್ ಕೊಳ್ಳಬೇಕು, ಆಮೇಲೆ ಪ್ರತಿ ಹಂತಕ್ಕೂ ರಿಸರ್ವೇಶನ್ ಮಾಡಿಸಬೇಕು.

ನಾನು ಹೋದ ಮೊದಲ ಕೌಂಟರಿನಲ್ಲಿ ಆ ಹೆಸರನ್ನೇ ಕೇಳಿರದ ಹುಡುಗನಿದ್ದ. ಎರಡನೆಯ ಕಡೆ "ನಿಂತುಹೋಗಿದೆ" ಎಂದರು. ಹಳೆಯ ಹಿರಿಯ ಗುಮಾಸ್ತರೊಬ್ಬರು ಮೇಲಿನ ಕಚೇರಿಗೆ ದಾರಿ ತೋರಿಸಿದರು. ಅಲ್ಲಿಯೂ ನನ್ನ ಕರಡು ಎರಡು ಕಾರಣಕ್ಕೆ ತಿರುಗಿ ಬಂತು. ಒಂದು, ನಾನು ಪುರಿಯನ್ನು ಮಾರ್ಗದೊಳಗೆ ಸೇರಿಸಿದ್ದೆ. ಪುರಿಗೆ ಹೋಗುವ ಹಳಿ ಖುರ್ದಾ ರೋಡಿನಿಂದ ಕವಲೊಡೆದು ಸಮುದ್ರದ ದಡದಲ್ಲಿ ಮುಗಿಯುತ್ತದೆ, ಹೋದ ಹಳಿಯಲ್ಲೇ ಹಿಂದೆ ಬರಬೇಕು. ಇನ್ನೊಂದು, ವಾಪಸಿಗೆ ಗುಂಟೂರು, ನಂದ್ಯಾಲ, ಧರ್ಮಾವರದ ದಾರಿ ಹಾಕಿದ್ದೆ. ಹೋಗುವಾಗ ನಾವು ಹತ್ತುವ ಕರ್ನಾಟಕ ಎಕ್ಸ್‌ಪ್ರೆಸ್ಸೂ ಧರ್ಮಾವರದ ಮೇಲೇ ಹೋಗುತ್ತದೆ, ಹಾಗಾಗಿ ಧರ್ಮಾವರ–ಬೆಂಗಳೂರು ತುಂಡು ಎರಡು ಸಲ ಬಂದಂತಾಯಿತು. ಒಂದೇ ಹಳಿ ಎರಡು ಸಲ ಬಂದರೆ ಮಾರ್ಗ ಉಂಗುರವಾಗುವುದಿಲ್ಲ.

ಇಡೀ ಯೋಜನೆಗೆ ಬೆನ್ನೆಲುಬು ಸಿಕ್ಕಿದ್ದು ಈ ತಿರಸ್ಕಾರದಿಂದಲೇ. ರೈಲು ಉಂಗುರದ ಮೇಲೆ ಮಾತ್ರ ಓಡಲಿ, ಉಂಗುರದಿಂದ ಹೊರಗೆ ಚಾಚಿದ್ದೆಲ್ಲ ರಸ್ತೆಗೆ ಹೋಗಲಿ. ಪುರಿ, ಕೋಣಾರ್ಕ, ಖಜುರಾಹೊ, ಸಾಂಚಿ ಎಲ್ಲವನ್ನೂ ಟಿಕೆಟ್ಟಿನಿಂದ ಕಿತ್ತು ಕಾರಿಗೆ, ಬಸ್ಸಿಗೆ ಹಾಕಿದೆ. ವಾಪಸು ದಾರಿಯನ್ನು ವಿಜಯವಾಡ, ಗೂಡೂರು, ರೇಣಿಗುಂಟ, ಕಾಟ್ಪಾಡಿ, ಜೋಲಾರಪೇಟೆ ಮೇಲೆ ತಿರುಗಿಸಿದೆ. ಮತ್ತೆ ಕೊಟ್ಟಾಗ ಒಪ್ಪಿಗೆ ಬಂತು.

ದುಡ್ಡಿನ ವಿಷಯ. ಥರ್ಡ್ ಎಸಿ, ಮೇಲ್ ಎಕ್ಸ್‌ಪ್ರೆಸ್ ದರ, ಪ್ರತಿ ಹಂತದ ರಿಸರ್ವೇಶನ್ ಮತ್ತು ಸೂಪರ್‌ಫಾಸ್ಟ್ ಶುಲ್ಕ ಎಲ್ಲ ಸೇರಿ ತಲೆಗೆ ಐದೂಮುಕ್ಕಾಲು ಸಾವಿರದ ಆಸುಪಾಸು ಬಿತ್ತು. ಅದೇ ಹಂತಗಳನ್ನು ಬಿಡಿ ಬಿಡಿಯಾಗಿ ಕೂಡಿಸಿ ನೋಡಿದ್ದೆ, ಎಂಟು ಸಾವಿರಕ್ಕೆ ಹತ್ತಿರ ಬರುತ್ತಿತ್ತು. ಹಿರಿಯರ ರಿಯಾಯಿತಿ 2020ರ ಮಾರ್ಚಿನಿಂದ ಇಲ್ಲವಾದ್ದರಿಂದ ಇಬ್ಬರಿಗೂ ಸೇರಿ ಉಳಿದ ನಾಲ್ಕೂವರೆ ಸಾವಿರ ನಮಗೆ ದೊಡ್ಡದೇ. ಒಂದು ಪ್ಯಾಕೇಜಿನವರು ಇದಕ್ಕಿಂತ ಕಡಿಮೆ ಊರುಗಳಿಗೆ ಇಬ್ಬರಿಗೆ ಎರಡೂಕಾಲು ಲಕ್ಷ ಕೇಳಿದ್ದರು. ನಮ್ಮದು ಊಟ, ವಸತಿ, ಕಾರು ಎಲ್ಲ ಸೇರಿ ಒಂದು ಲಕ್ಷದ ಗೆರೆ ಸ್ವಲ್ಪ ದಾಟಿತು, ಅಷ್ಟೆ. ಅದರಲ್ಲಿ ಸಿಂಹಪಾಲು ನುಂಗಿದ್ದು ರಸ್ತೆ: ನಲವತ್ತು ಸಾವಿರದ ಸುತ್ತಮುತ್ತ. ರೈಲಿನಲ್ಲಿ ಉಳಿಸಿದ್ದನ್ನು ಕಾರು ಕಸಿದುಕೊಳ್ಳುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ರಿಸರ್ವೇಶನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. 2024ರ ನವೆಂಬರಿನಿಂದ ಮುಂಗಡ ಅವಧಿ 60 ದಿನಕ್ಕೆ ಇಳಿದಿದೆ. ಹೊರಡುವ ಹಂತದ ಬರ್ತ್ ತೆರೆದ ದಿನ ಕೊನೆಯ ಹಂತಗಳು ಇನ್ನೂ ತೆರೆದಿರುವುದಿಲ್ಲ. ಹಾಗಾಗಿ ಮೊದಲ ಅರ್ಧಕ್ಕೆ ಒಂದು ಕಂತು, ಮಿಕ್ಕಿದ್ದಕ್ಕೆ ಇನ್ನೊಂದು ಕಂತು ಎಂದು ಬೆಳಿಗ್ಗೆ ಎಂಟಕ್ಕೆ ಮುಂಚೆ ಸಾಲಿನಲ್ಲಿ ನಿಂತೆ. ಇಬ್ಬರಿಗೂ ಬಹುತೇಕ ಎಲ್ಲ ಹಂತದಲ್ಲೂ ಕೆಳಗಿನ ಬರ್ತ್ ಸಿಕ್ಕಿತು. ಅದನ್ನು ಹೇಗೆ ಮಾಡಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ. ಹತ್ತು ಜನಕ್ಕೆ ಗೊತ್ತಾದರೆ ಹನ್ನೊಂದನೆಯ ಸಲ ನನಗೇ ಸಿಗುವುದಿಲ್ಲ.

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮೊದಲ ದಿನದ ಊಟ ನಮ್ಮದೇ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ರಾಯಚೂರು ದಾಟುವಾಗ ಗಾಢ ಕತ್ತಲೆ. ಆಗ ನನ್ನ ಹೆಂಡತಿ ಎದ್ದು ಕೂತು, ಮಸ್ಕಿ ಇಲ್ಲೇ ಅಲ್ಲವೇ ಎಂದಳು. ಅವಳು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು. 1915ರಲ್ಲಿ ಸಿಕ್ಕಿದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ, ಬೇರೆ ಕಡೆ ಹೆಚ್ಚಾಗಿ ದೇವಾನಾಂಪ್ರಿಯ ಎಂದಷ್ಟೇ. ಮುಂದೆ ವಾಡಿಗಿಂತ ಮುಂಚೆ ಸನ್ನತಿ, ಅಲ್ಲಿ ಅಶೋಕನದೇ ಉಬ್ಬುಚಿತ್ರ. ಈ ಸುತ್ತಿನ ಉದ್ದಕ್ಕೂ ಅಶೋಕನ ಗುರುತು ಎಲ್ಲೆಲ್ಲಿ ಸಿಗುತ್ತದೋ ನೋಡಿಯೇ ಬಿಡೋಣ ಎಂದಳು. ನನ್ನ ಯೋಜನೆಯಲ್ಲಿ ಇರದ ಕೆಲಸ ಅದು. ಆದರೆ ಪ್ರವಾಸಕ್ಕೆ ಒಂದು ದಾರ ಸಿಕ್ಕಿದ್ದು ಅದರಿಂದ.

ಭೋಪಾಲ್ ತಲುಪುವುದು ನಡುರಾತ್ರಿಯ ಹೊತ್ತಿಗೆ. ಆ ಹೊತ್ತಿನಲ್ಲಿ ಹೋಟೆಲ್ ಹುಡುಕುವವರು ಒಂದು ದಿನದ ಬಾಡಿಗೆ ದಂಡ ತೆರುತ್ತಾರೆ. ನಿಲ್ದಾಣದ ರಿಟೈರಿಂಗ್ ರೂಮನ್ನು, ಅಂದರೆ ಪ್ರಯಾಣಿಕರು ತಂಗುವ ಕೋಣೆಯನ್ನು, ಅದೇ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆಯ ಮೇಲೆ ಮೊದಲೇ ಹಿಡಿದಿದ್ದೆ. ಮರುದಿನ ಕಾರು: ಸಾಂಚಿ ಭೋಪಾಲಿನಿಂದ ಐವತ್ತು ಕಿಲೋಮೀಟರಿನೊಳಗೆ, ಅಲ್ಲಿಂದ ವಿದಿಶಾ ಪಕ್ಕದ ಉದಯಗಿರಿ ಗುಹೆಗಳು ಇನ್ನೂ ಹತ್ತಿರ. ಸಾಂಚಿಗೆ ಬರುವವರು ಬಹಳಷ್ಟು ಮಂದಿ ಉದಯಗಿರಿಯನ್ನು ಬಿಟ್ಟು ಹೋಗುತ್ತಾರೆ. ಬಿಡಬೇಡಿ. ಗುಪ್ತರ ಕಾಲದ ಆ ದೊಡ್ಡ ವರಾಹನ ಮುಂದೆ ನಿಂತರೆ ನಮ್ಮ ಬಾದಾಮಿಯ ಮೂರನೆಯ ಗುಹೆಯ ವರಾಹ ನೆನಪಾಗದೆ ಇರದು. ಬಾದಾಮಿಯದು 578ರದ್ದು, ಇದು ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಿಂದಿನದು. ಆದಿಮಾನವರ ಬಂಡೆಚಿತ್ರಗಳಿರುವ ಭೀಮಬೇಟ್ಕಾ ಇನ್ನೊಂದು ದಿಕ್ಕಿನಲ್ಲಿ, ಅದಕ್ಕೆ ಬೇರೆ ದಿನ ಕೊಟ್ಟೆವು. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇನೆ ಎನ್ನುವ ಡ್ರೈವರನನ್ನು ನಂಬಬೇಡಿ.

ವಾರದ ಲೆಕ್ಕ ಇಲ್ಲಿಂದಲೇ ಇಟ್ಟುಕೊಳ್ಳಬೇಕು. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ, ಸಾಂಚಿ ಮತ್ತು ಸಾರನಾಥದ ಮ್ಯೂಸಿಯಮ್ಮುಗಳೂ ಶುಕ್ರವಾರವೇ ರಜೆ. ನಮ್ಮ ಶುಕ್ರವಾರಗಳೆಲ್ಲ ರೈಲಿನಲ್ಲೋ ದೇವಸ್ಥಾನದ ಊರಿನಲ್ಲೋ ಬೀಳುವಂತೆ ಕೂರಿಸಿದ್ದೆ. ಈ ಒಂದು ಕೆಲಸಕ್ಕೆ ಕಾಗದದ ಮೇಲೆ ಎರಡು ವಾರ ಹಿಡಿಯಿತು, ಮತ್ತು ಅದು ಒಂದು ಕಡೆಯೂ ಕೈಕೊಡಲಿಲ್ಲ.

ಝಾನ್ಸಿಯಿಂದ ರಸ್ತೆಗೆ ಚಾಚಿದ ಕೊಂಬೆಯೇ ದುಡ್ಡು ಕಿತ್ತಿದ್ದು. ಓರ್ಛಾ ಹದಿನೈದು ಹದಿನಾರು ಕಿಲೋಮೀಟರ್, ಶೇರ್ ಆಟೋದಲ್ಲೇ ಹೋಗಬಹುದು. ಖಜುರಾಹೊ ನೂರ ಎಪ್ಪತ್ತೈದು. ಕಾರು ಮಾತಾಡುವಾಗ ದಿನಕ್ಕೆ ನಾಲ್ಕು ಸಾವಿರ ಎಂದವನು, ಊರು ದಾಟಿದ ಮೇಲೆ ಟೋಲ್ ಬೇರೆ, ರಾತ್ರಿ ಭತ್ಯೆ ಬೇರೆ ಎಂದ. ದಾರಿಯಲ್ಲಿ ಎರಡು ಕರಕುಶಲ ಅಂಗಡಿಗಳ ಮುಂದೆ ಕೇಳದೆಯೇ ನಿಲ್ಲಿಸಿದ. ವಾಪಸಿಗೆ ಅವನನ್ನು ಬಿಟ್ಟು ಬಸ್ ಹಿಡಿದೆವು. ಸೊಂಟಕ್ಕೆ ಶ್ರಮವಾಯಿತು, ಆದರೆ ಮೂರು ಸಾವಿರ ಉಳಿಯಿತು. ಅಂದಿನಿಂದ ಕಾರಿನ ಲೆಕ್ಕವನ್ನು ಚೀಟಿಯಲ್ಲಿ ಬರೆಸಿ, ಫೋಟೋ ತೆಗೆದುಕೊಂಡೇ ಹತ್ತಿದ್ದು. ಒಡಿಶಾದಲ್ಲಿ ಆ ಚೀಟಿಯೇ ಜಗಳವಿಲ್ಲದೆ ಕೆಲಸ ಮುಗಿಸಿತು.

ಖಜುರಾಹೊ ಬಗ್ಗೆ ನನ್ನ ಅಭಿಪ್ರಾಯ ಹೇಳಿಯೇ ಹೇಳುತ್ತೇನೆ. ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣು ಕೆತ್ತನೆಯ ಸೂಕ್ಷ್ಮವನ್ನೇ ಹುಡುಕುತ್ತದೆ, ಮತ್ತು ನಮ್ಮ ಬಳಪದ ಕಲ್ಲಿನಲ್ಲಿ ಬಿಡಿಸಿದ ಆಭರಣದ ಎಳೆ ಅಲ್ಲಿನ ಮರಳುಗಲ್ಲಿನಲ್ಲಿ ಸಿಗುವುದಿಲ್ಲ. ಆದರೆ ಕಂದರೀಯ ಮಹಾದೇವದ ಶಿಖರ ಏರುವ ಪರಿ, ಚಿಕ್ಕ ಶಿಖರಗಳು ದೊಡ್ಡದನ್ನು ಎತ್ತಿ ಹಿಡಿಯುವ ಪರಿ ನಮ್ಮಲ್ಲಿಲ್ಲ. ಹೊಯ್ಸಳರದು ಹತ್ತಿರ ಹೋಗಿ ನೋಡಬೇಕಾದದ್ದು, ಚಂದೇಲರದು ಹಿಂದೆ ಸರಿದು ನೋಡಬೇಕಾದದ್ದು. ಸಂಜೆ ಬಿಸಿಲಿಗೆ ಪಶ್ಚಿಮ ಗುಂಪಿನಲ್ಲಿ ಕೂತೇ ಇದ್ದೆವು. ಓರ್ಛಾದಲ್ಲಿ ರಾಮನಿಗೆ ರಾಜನೆಂದೇ ಪೂಜೆ, ಪೊಲೀಸರ ಗೌರವ ವಂದನೆಯೂ ಉಂಟು. ಬೇತ್ವಾ ನದಿಯ ಕಡೆ ಕಿಟಕಿ ಇರುವ, ಸಾವಿರದ ಒಳಗಿನ ಒಂದು ವಸತಿ ಸಿಕ್ಕಿತು. ಅದರ ಹೆಸರು ನಾನು ಹೇಳುವುದಿಲ್ಲ, ಮತ್ತೆ ಹೋಗುವುದಿದೆ.

ಆಗ್ರಾ ಎಲ್ಲರಿಗೂ ಗೊತ್ತು. ದೆಹಲಿಯಲ್ಲಿ ಅವಳ ಅಶೋಕ ಮತ್ತೆ ಸಿಕ್ಕ: ಫಿರೋಜ್ ಶಾ ಕೋಟ್ಲಾದ ಮೇಲಿನ ಕಂಬ, ಉತ್ತರದ ಗುಡ್ಡದ ಮೇಲಿನ ಇನ್ನೊಂದು ಕಂಬ. ಎರಡನ್ನೂ ಫಿರೋಜ್ ಶಾ ತುಘಲಕ್ ದೂರದಿಂದ ಸಾಗಿಸಿ ತಂದದ್ದು. ದೆಹಲಿಯಿಂದ ಬೇರೆ ಟಿಕೆಟ್ಟಿನಲ್ಲಿ ಕಾಲ್ಕಾ–ಶಿಮ್ಲಾ ಸಣ್ಣ ಗಾಡಿಗೂ ಹೋಗಿ ಬಂದೆವು. 1903ರ ಹಳಿ, 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ. ಚಳಿಯಲ್ಲಿ ನನಗೆ ಕೆಮ್ಮು ಬಂತು, ಅವಳಿಗೆ ಹಿಮ ಕಂಡಿತು. ಟಿಕೆಟ್ಟಿನ ಅವಧಿಗೆ ಧಕ್ಕೆಯಿಲ್ಲ. ಪ್ರಯಾಣಕ್ಕೆ 400 ಕಿಲೋಮೀಟರಿಗೆ ಒಂದು ದಿನ, ನಿಲುಗಡೆಗೆ 200ಕ್ಕೆ ಒಂದು ದಿನ ಎಂದು ಕೂಡಿಸುವುದರಿಂದ ನಮಗೆ ಒಂದೂವರೆ ತಿಂಗಳ ಹತ್ತಿರ ಕಾಲಾವಕಾಶ ಇತ್ತು.

ಹಿಂದೊಮ್ಮೆ ಡಿಸೆಂಬರ್ ಕೊನೆಯಲ್ಲಿ ದೆಹಲಿ–ಕಾಶಿ ಗಾಡಿ ಮಂಜಿನಲ್ಲಿ ಒಂಬತ್ತು ಹತ್ತು ಗಂಟೆ ತಡವಾಗಿ ಮುಂದಿನದೆಲ್ಲ ಕುಸಿದಿತ್ತು. ಅದಕ್ಕೇ ಈ ಸಲ ಫೆಬ್ರವರಿ. ಶಿವಗಂಗಾ ಎಕ್ಸ್‌ಪ್ರೆಸ್ ಒಂದು ಗಂಟೆಯೂ ತಡವಾಗಲಿಲ್ಲ. ಕಾಶಿಯಲ್ಲಿ ಕನ್ನಡಿಗರಿಗೆ ಜಂಗಮವಾಡಿ ಮಠ ಇದೆ, ಹನುಮಾನ್ ಘಾಟಿನ ಪಕ್ಕ ಕರ್ನಾಟಕದ್ದೇ ಘಾಟ್ ಇದೆ. ಊಟಕ್ಕೆ, ಮಾತಿಗೆ ತೊಂದರೆಯಿಲ್ಲ. ಸಾರನಾಥಕ್ಕೆ ಅರ್ಧ ದಿನ ಸಾಲದು, ಪೂರ್ತಿ ದಿನ ಕೊಡಿ. ರೂಪಾಯಿ ನೋಟಿನ ಮೇಲೆ ದಿನವೂ ನೋಡುವ ಸಿಂಹಗಳ ಮುಂದೆ ಅವಳು ಮಾತಿಲ್ಲದೆ ಬಹಳ ಹೊತ್ತು ನಿಂತಿದ್ದಳು.

ಕಾಶಿಯಿಂದ ಹೌರಾಕ್ಕೆ ಬರ್ತ್ ಮಾತ್ರ ಕಡೆಯವರೆಗೂ ವೇಟಿಂಗ್ ಲಿಸ್ಟಿನಲ್ಲೇ ಕೊಳೆಯಿತು. ನಮ್ಮನ್ನು ಅನುಮಾನಿಸಿದವರೆಲ್ಲ ಹೇಳಿದ್ದು ಇದೇ ಘಟ್ಟವನ್ನು. ಪರಿಹಾರ ಹದಿನೇಳು ಕಿಲೋಮೀಟರ್ ದೂರದಲ್ಲಿತ್ತು: ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮುಘಲ್‌ಸರಾಯ್. ಹೌರಾ ಕಡೆಯ ದೊಡ್ಡ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ, ಅದು ನಮ್ಮ ಮಾರ್ಗದ ಮೇಲೇ ಇದೆ. ಗಂಗೆ ದಾಟಿ ಆಟೋದಲ್ಲಿ ಹೋಗಿ, ಅಲ್ಲಿಂದ ಹತ್ತುವಂತೆ ಬೇರೆ ಗಾಡಿಗೆ ರಿಸರ್ವೇಶನ್ ಬದಲಿಸಿಕೊಂಡೆವು. ಕೌಂಟರಿನಲ್ಲಿ ಮುಕ್ಕಾಲು ಗಂಟೆ ವಾದ ಮಾಡಬೇಕಾಯಿತು. ಸಿಕ್ಕಿತು, ಎರಡೂ ಕೆಳಗಿನ ಬರ್ತ್.

ಕೋಲ್ಕತ್ತಾದಲ್ಲಿ ನನ್ನದೊಂದು ಪ್ರಯೋಗ: ಹೂಗ್ಲಿ ನದಿಯನ್ನು ಅದರ ಕೆಳಗಿನ ಮೆಟ್ರೋದಲ್ಲಿ ಒಮ್ಮೆ, ದೋಣಿಯಲ್ಲಿ ಒಮ್ಮೆ, ಹೌರಾ ಸೇತುವೆಯ ಮೇಲೆ ನಡೆದು ಒಮ್ಮೆ ದಾಟುವುದು. 2024ರಲ್ಲಿ ತೆರೆದ ಮೆಟ್ರೋ ಒಂದು ನಿಮಿಷವೂ ಹಿಡಿಯದೆ ನದಿ ದಾಟಿಸುತ್ತದೆ. ದೋಣಿಯೇ ಚೆಂದ, ಖರ್ಚೂ ಕಡಿಮೆ.

ಒಡಿಶಾದಲ್ಲಿ ಭುವನೇಶ್ವರದಿಂದ ಒಂದೇ ಕಾರಿನಲ್ಲಿ ಧೌಲಿ, ಪುರಿ, ಕೋಣಾರ್ಕ. ಮೊದಲು ಧೌಲಿಗೇ ಹೋದೆವು. ಕಳಿಂಗಕ್ಕೆಂದೇ ಬರೆಸಿದ ಶಾಸನಗಳ ಬಂಡೆ, ಅದರ ಮೇಲೆ ಕಲ್ಲಿನಿಂದ ಹೊರಬರುತ್ತಿರುವ ಆನೆ. ಪುರಿಯಿಂದ ಕೋಣಾರ್ಕಕ್ಕೆ ಮೂವತ್ತೈದು ಕಿಲೋಮೀಟರ್ ಸಮುದ್ರದ ಅಂಚಿನ ರಸ್ತೆ. ಆ ಮೂರು ದಿನದ ಕಾರಿಗೆ ಹನ್ನೊಂದು ಸಾವಿರವೋ ಹನ್ನೆರಡೋ ಆಯಿತು, ಒಂದು ರೂಪಾಯಿಯೂ ವ್ಯರ್ಥವಲ್ಲ. ಭುವನೇಶ್ವರದಿಂದ ವಿಶಾಖಪಟ್ಟಣಕ್ಕೆ ಬೆಳಗಿನ ಗಾಡಿಯನ್ನೇ ಹಿಡಿಯಿರಿ. ಚಿಲ್ಕಾ ಸರೋವರ ಹಗಲು ಹೊತ್ತಿನಲ್ಲಿ, ಎಡಗಡೆಯ ಕಿಟಕಿಗೆ ಬರುತ್ತದೆ.

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಕಿರಂದುಲ್ ಹಳಿಯ ರೈಲು ಹತ್ತಿ, ಬೊರ್ರಾ ಗುಹೆ ನೋಡಿಕೊಂಡು ರಸ್ತೆಯಲ್ಲಿ ಇಳಿದೆವು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸಿಗಲಿಲ್ಲ, ಸಾಧಾರಣ ಬೋಗಿಯ ತೆರೆದ ಕಿಟಕಿಯಲ್ಲಿ ಸುರಂಗದ ತಂಪು ಮುಖಕ್ಕೇ ಬಡಿಯಿತು. ನನಗೆ ಅದೇ ಹೆಚ್ಚು ಎನಿಸಿತು.

ಈಗ ಪಶ್ಚಿಮದ ಉಂಗುರದ ಕರಡು ಕಾಗದದ ಮೇಲಿದೆ: ಹುಬ್ಬಳ್ಳಿ, ಮಿರಜ್, ಪುಣೆ, ಅಹಮದಾಬಾದ್, ಜೋಧಪುರ, ಜೈಪುರ, ಭೋಪಾಲ್, ನಾಗಪುರ, ಕಾಚಿಗುಡ ಮೇಲೆ ವಾಪಸು. ಒಂದು ನಿಲುಗಡೆ ಹೆಚ್ಚಾಗಿದೆ, ಭೋಪಾಲ್ ಈಗಾಗಲೇ ನೋಡಿದ್ದರಿಂದ ಅಲ್ಲಿ ಇಳಿಯುವುದಿಲ್ಲ. ಗಿರ್ನಾರಿನ ಅಶೋಕ ಶಾಸನ ಉಂಗುರದ ಹೊರಗೆ ಬರುತ್ತದೆ, ಅದಕ್ಕೆ ಅಹಮದಾಬಾದಿನಿಂದ ಜುನಾಗಢಕ್ಕೆ ಬಸ್ ಎಂದು ಅವಳು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ.