ಗ್ಯಾರೇಜಿನೊಳಗಿದ್ದರೂ ಕಾರಿಗೆ ಲಾಕ್ ಹಾಕಿ

ಕಾರು ಮನೆಯ ಗ್ಯಾರೇಜಿನಲ್ಲೇ ಇದೆ, ಶಟರ್ ಕೂಡ ಎಳೆದಿದೆ, ಇನ್ನು ಲಾಕ್ ಯಾಕೆ ಅಂತ ಹಲವರು ಕೇಳುತ್ತಾರೆ. ದಯವಿಟ್ಟು ಹಾಕಿ.

ಕಳ್ಳರಿಗಿಂತ ಮೊದಲು ಮಕ್ಕಳ ವಿಷಯ ಹೇಳುತ್ತೇನೆ. ಪುಟ್ಟ ಮಕ್ಕಳಿಗೆ ಕಾರು ಅಂದರೆ ಆಟದ ಮನೆ. ಸುಮ್ನೆ ಬಾಗಿಲು ತೆಗೆದು ಒಳಗೆ ಕೂರುತ್ತಾರೆ, ಡಿಕ್ಕಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದ್ದರೆ ಒಳಗಿನಿಂದ ತೆಗೆಯಲು ಆಗುವುದೇ ಇಲ್ಲ. ಮಕ್ಕಳ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯಾಗುತ್ತದೆ. ಕಾರು ನೆರಳಲ್ಲಿದೆ ಅಲ್ವಾ ಅಂತ ಧೈರ್ಯ ತಂದುಕೊಳ್ಳಬೇಡಿ, ಸೆಕೆಯ ದಿನ ಮುಚ್ಚಿದ ಗ್ಯಾರೇಜೂ ಕಾದಿರುತ್ತದೆ. ಮಗು ಎಲ್ಲೂ ಕಾಣುತ್ತಿಲ್ಲ ಅನ್ನಿಸಿದ ಕೂಡಲೇ ಕಾರಿನ ಒಳಗೆ, ಡಿಕ್ಕಿಯೊಳಗೆ ನೋಡಿ.

ಇನ್ನು ಕಳ್ಳತನ. ಶಟರ್ ಹಾಕಲು ಮರೆಯುವುದು ಯಾರಿಗೂ ಆಗುವಂಥದ್ದೇ. ಆಗ ಕಾರಿನ ಲಾಕ್ ಒಂದೇ ಅಡ್ಡ ಇರುತ್ತದೆ. ಗ್ಯಾರೇಜಿನ ರಿಮೋಟ್, ಮನೆ ವಿಳಾಸವಿರುವ ಕಾಗದ ಕಾರಿನಲ್ಲಿ ಬಿಡಬೇಡಿ. ಗ್ಯಾರೇಜಿನಿಂದ ಮನೆಯೊಳಗೆ ಬಾಗಿಲಿದ್ದರೆ ಅದಕ್ಕೂ ಚಿಲಕ ಇರಲಿ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಒಳಗಿರುವ ಕೀಯ ಸಿಗ್ನಲ್ ಹಿಡಿದು ಕಾರಿನವರೆಗೆ ದಾಟಿಸುವ ಸಾಧನ ಕಳ್ಳರ ಬಳಿ ಇರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಕೀ ಇಡಿ. ಡಬ್ಬಿ ಹಿಡಿದುಕೊಂಡೇ ಕಾರಿನ ಬಾಗಿಲು ಎಳೆದು ನೋಡಿ. ತೆರೆದುಕೊಂಡರೆ ಡಬ್ಬಿ ಬದಲಿಸಿ.

ಮತ್ತೆ, ಇಂಥ ಕಾರುಗಳಲ್ಲಿ ಎಂಜಿನ್ ಆಫ್ ಮಾಡದೆ ಕೀ ಹಿಡಿದು ಇಳಿದುಬಿಡುವವರಿದ್ದಾರೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ಜೀವಕ್ಕೇ ಅಪಾಯ, ಅದಕ್ಕೆ ವಾಸನೆಯೂ ಇಲ್ಲ. ಆಫ್ ಆಗಿದೆಯಾ ನೋಡಿ, ಆಮೇಲೆ ಲಾಕ್ ಒತ್ತಿ.